ಕ್ಷಿಪಣಿ ಗುರಾಣಿಯ ಸುದ್ದಿ ಓದುವುದು ಹೇಗೆ?

‘ಇದು ರಕ್ಷಣೆಗಷ್ಟೇ, ಯಾರ ವಿರುದ್ಧವೂ ಅಲ್ಲ’ ಎಂದು ಒಂದು ದೇಶ ಹೇಳುತ್ತದೆ. ಎದುರಾಳಿ ದೇಶ ಹೊಸ ಕ್ಷಿಪಣಿ ತೋರಿಸಿ ಹೆದರಿಸುತ್ತದೆ. ಗುರಾಣಿ ಕಂಡು ಕತ್ತಿ ಹಿರಿಯುವುದೇಕೆ? ಒಂದು ಹಳೆಯ ಜಗಳ ಇಟ್ಟುಕೊಂಡು ನೋಡೋಣ. 2007ರಲ್ಲಿ ಅಮೆರಿಕ ಪೋಲೆಂಡ್‌ನಲ್ಲಿ 10 ಇಂಟರ್‌ಸೆಪ್ಟರ್‌ಗಳನ್ನು (ಬರುವ ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆಯುವ ಕ್ಷಿಪಣಿ), ಜೆಕ್ ಗಣರಾಜ್ಯದಲ್ಲಿ ಒಂದು ರೇಡಾರನ್ನು ನಿಲ್ಲಿಸಲು ಹೊರಟಿತ್ತು. ಇರಾನ್‌ಗಾಗಿ ಎಂದಿತು. ಕೆರಳಿದ್ದು ರಷ್ಯಾ.

ಹಂತ 1: ಗ್ಲೋಬಿನ ಮೇಲೆ ದಾರ ಎಳೆಯಿರಿ

ಗೋಡೆಯ ಭೂಪಟ ದಾರಿ ತಪ್ಪಿಸುತ್ತದೆ. ಮಕ್ಕಳ ಗ್ಲೋಬ್ ತನ್ನಿ. ಟೆಹರಾನ್‌ನಿಂದ ನ್ಯೂಯಾರ್ಕ್‌ಗೆ ದಾರ ಬಿಗಿಯಾಗಿ ಹಿಡಿದರೆ ಅದು ಉಕ್ರೇನ್, ಬೆಲಾರೂಸ್ ಮೇಲೆ ಹಾದು, ಪೋಲೆಂಡ್‌ನ ಈಶಾನ್ಯ ಮೂಲೆಯ ಬಳಿ ಬಾಲ್ಟಿಕ್ ಸಮುದ್ರಕ್ಕಿಳಿಯುತ್ತದೆ. ಮಾಸ್ಕೊದಿಂದ ವಾಷಿಂಗ್ಟನ್‌ಗೆ ಹಿಡಿದ ದಾರ ಫಿನ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್ ಕಡೆ ಹೋಗುತ್ತದೆ. ಅಮೆರಿಕದ ಮಾತು ನಿಜವೆನಿಸಿತಲ್ಲ? ಇಲ್ಲಿಗೇ ಪೇಪರ್ ಮಡಿಸಬೇಡಿ.

ಹಂತ 2: ಎದುರಾಳಿಯ ಕುರ್ಚಿಯಲ್ಲಿ ಕೂತು ಲೆಕ್ಕ ಹಾಕಿ

ಇಡೀ ಕಥೆಯ ಗಂಟು ಇಲ್ಲಿದೆ. ರಷ್ಯಾ ಬಳಿ ಸಾವಿರಾರು ಅಣು ಸಿಡಿತಲೆಗಳಿವೆ. 10 ಇಂಟರ್‌ಸೆಪ್ಟರ್ ಯಾವ ಮೂಲೆಗೆ ಸಾಕು? ಆದರೆ ಮಾಸ್ಕೊದ ಸೇನಾಧಿಕಾರಿ ಲೆಕ್ಕ ಶುರುಮಾಡುವುದೇ ಬೇರೆ ಕಡೆಯಿಂದ. ಮೊದಲ ಏಟು ಅಮೆರಿಕವೇ ಕೊಟ್ಟರೆ? ತಿರುಗೇಟಿಗೆ ಉಳಿಯುವುದು ಅಳಿದುಳಿದ ಕೆಲವೇ ಕ್ಷಿಪಣಿಗಳು. ಆಗ ಗುರಾಣಿ ಇಡೀ ಮಳೆಯನ್ನು ತಡೆಯಬೇಕಿಲ್ಲ, ಕೊನೆಯ ಹನಿಗಳನ್ನು ತಡೆದರೆ ಸಾಕು. ‘ಹೊಡೆದರೆ ನಾನೂ ಉಳಿಯುವುದಿಲ್ಲ’ ಎಂಬ ಭಯವೇ ಇಬ್ಬರ ಕೈಯನ್ನೂ ಕಟ್ಟಿಹಾಕಿರುವಾಗ, ಒಬ್ಬನ ಭಯ ಇಳಿದಷ್ಟೂ ಇನ್ನೊಬ್ಬನ ನಿದ್ದೆ ಕೆಡುತ್ತದೆ. ಇವತ್ತಿನ 10 ನಾಳೆ 100 ಆಗದೆಂದು ಬರೆದುಕೊಟ್ಟವರೂ ಇರಲಿಲ್ಲ.

ಈ ಲೆಕ್ಕ ಅಮೆರಿಕಕ್ಕೆ ಗೊತ್ತಿಲ್ಲದ್ದೇನಲ್ಲ. 1967ರ ಗ್ಲಾಸ್‌ಬರೋ ಶೃಂಗಸಭೆಯಲ್ಲಿ ರಕ್ಷಣಾ ಕಾರ್ಯದರ್ಶಿ ಮೆಕ್‌ನಮಾರ ಇದನ್ನೇ ಸೋವಿಯತ್ ಪ್ರಧಾನಿ ಕೊಸಿಗಿನ್‌ಗೆ ತಿಳಿಹೇಳಲು ಹೆಣಗಿದ್ದರು. ರಕ್ಷಣೆ ಮಾಡಿಕೊಳ್ಳುವುದು ತಪ್ಪು ಹೇಗಾದೀತು ಎಂದು ಕೊಸಿಗಿನ್ ಸಿಡುಕಿದ್ದರು. ನಲವತ್ತು ವರ್ಷಗಳಲ್ಲಿ ಪಾತ್ರಧಾರಿಗಳು ವೇಷ ಅದಲುಬದಲು ಮಾಡಿಕೊಂಡರು, ಸಂಭಾಷಣೆ ಮಾತ್ರ ಅದೇ.

ಹಂತ 3: ಒಪ್ಪಂದ ಇದೆಯೇ, ಹರಿದಿದೆಯೇ?

1972ರಲ್ಲಿ ನಿಕ್ಸನ್ ಮತ್ತು ಬ್ರೆಜ್ನೆವ್ ಸಹಿ ಹಾಕಿದ ಎಬಿಎಂ (ಕ್ಷಿಪಣಿ ತಡೆ ವ್ಯವಸ್ಥೆಗಳ) ಒಪ್ಪಂದ ಇಬ್ಬರ ಗುರಾಣಿಗೂ ಮಿತಿ ಹಾಕಿತ್ತು. 1974ರ ತಿದ್ದುಪಡಿಯ ನಂತರ ತಲಾ ಒಂದು ನೆಲೆ, 100 ಇಂಟರ್‌ಸೆಪ್ಟರ್ ಅಷ್ಟೇ. 2002ರ ಜೂನ್ 13ರಂದು ಜಾರ್ಜ್ ಬುಷ್ ಸರ್ಕಾರ ಅದರಿಂದ ಹೊರಬಂತು. ಮರುದಿನವೇ ರಷ್ಯಾ ಸ್ಟಾರ್ಟ್-2 ಒಪ್ಪಂದವನ್ನು ಕೈಬಿಟ್ಟಿತು. ನೆಲದಿಂದ ಹಾರುವ ಖಂಡಾಂತರ ಕ್ಷಿಪಣಿಯೊಂದಕ್ಕೆ ಹಲವು ಸಿಡಿತಲೆ ಕೂರಿಸುವುದನ್ನು ನಿಲ್ಲಿಸಬೇಕಿದ್ದ ಒಪ್ಪಂದ ಅದು. ಸಿಡಿತಲೆ ಹೆಚ್ಚಿದಷ್ಟೂ ಗುರಾಣಿಗೆ ತಡೆಯುವುದು ಕಷ್ಟ. 2007ರ ಸಿಟ್ಟಿನ ಬೇರು ಇಲ್ಲಿದೆ.

ಹಂತ 4: ತಾರೀಖು ನೋಡಿ

ಇಂಟರ್‌ಸೆಪ್ಟರ್‌ಗಳಿಗೆ ಜಾಗ ಕೊಡಲು ಪೋಲೆಂಡ್ ಸಹಿ ಹಾಕಿದ್ದು 2008ರ ಆಗಸ್ಟ್ 20ರಂದು, ರಷ್ಯಾ-ಜಾರ್ಜಿಯಾ ಯುದ್ಧದ ಬಿಸಿ ಆರುವ ಮೊದಲೇ. ನವೆಂಬರ್ 5ರಂದು, ಒಬಾಮಾ ಗೆದ್ದ ಸುದ್ದಿಯ ಬೆನ್ನಿಗೇ, ಪೋಲೆಂಡ್‌ಗೆ ಅಂಟಿಕೊಂಡಿರುವ ತನ್ನ ಕಲಿನಿನ್‌ಗ್ರಾಡ್‌ನಲ್ಲಿ ರಷ್ಯಾ ಇಸ್ಕಂದರ್ ಕ್ಷಿಪಣಿ ಇಡಲಿದೆ ಎಂದು ಅದರ ಅಂದಿನ ಅಧ್ಯಕ್ಷ ಮೆಡ್ವೆಡೆವ್ ಹೇಳಿದರು. 2009ರಲ್ಲಿ ಒಬಾಮಾ ಬುಷ್ ಯೋಜನೆ ಕೈಬಿಟ್ಟು ಬೇರೊಂದನ್ನು ತಂದರು. ಅದರ ನೆಲೆ 2024ರ ನವೆಂಬರ್‌ನಲ್ಲಿ ಉದ್ಘಾಟನೆಯಾದದ್ದು ಬುಷ್ ಯೋಜನೆಗೆ ಗೊತ್ತುಮಾಡಿದ್ದ ಪೋಲೆಂಡ್‌ನ ಅದೇ ರೆಜಿಕೊವೊದಲ್ಲಿ.

ಹಂತ 5: ಉತ್ತರ ಯಾವ ರೂಪದಲ್ಲಿ ಬರುತ್ತದೆ?

ಯಾವಾಗಲೂ ಕ್ಷಿಪಣಿಯಾಗಿಯೇ ಬರಬೇಕಿಲ್ಲ. 2017ರಲ್ಲಿ ದಕ್ಷಿಣ ಕೊರಿಯಾದಲ್ಲಿ ಅಮೆರಿಕದ ಥಾಡ್ ಎಂಬ ಕ್ಷಿಪಣಿ ಗುರಾಣಿ ನಿಂತಾಗ, ಅದರ ರೇಡಾರ್ ತನ್ನ ಒಳನಾಡಿಗೂ ಇಣುಕುತ್ತದೆ ಎಂಬುದು ಚೀನಾದ ಆಕ್ಷೇಪವಾಗಿತ್ತು. ಚೀನೀ ಪ್ರವಾಸಿ ತಂಡಗಳು ಕೊರಿಯಾಕ್ಕೆ ಹೋಗುವುದು ನಿಂತಿತು. ಥಾಡ್‌ಗಾಗಿ ಗಾಲ್ಫ್ ಮೈದಾನ ಬಿಟ್ಟುಕೊಟ್ಟಿದ್ದ ಕೊರಿಯಾದ ‘ಲೋಟೆ’ (Lotte) ಕಂಪನಿಯ ಚೀನಾದ ಮಳಿಗೆಗಳಿಗೆ ಬೀಗ ಬಿತ್ತು, ಅಗ್ನಿ ಸುರಕ್ಷತೆಯ ನೆಪದಲ್ಲಿ!

ನಮ್ಮ ಹಿತ್ತಲಲ್ಲೂ ಇದನ್ನು ಪರೀಕ್ಷಿಸಬಹುದು. ಭಾರತ 2006ರ ನವೆಂಬರ್‌ನಲ್ಲಿ ಮೊದಲ ಬಾರಿಗೆ ಕ್ಷಿಪಣಿಯನ್ನು ಕ್ಷಿಪಣಿಯಿಂದ ಹೊಡೆಯಿತು. ಈ ಯೋಜನೆಯ ‘ಸ್ವೋರ್ಡ್‌ಫಿಶ್’ ರೇಡಾರ್ ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯ ಎಲ್‌ಆರ್‌ಡಿಇಯದ್ದು. 2017ರ ಜನವರಿಯಲ್ಲಿ ಪಾಕಿಸ್ತಾನ ಹಲವು ಸಿಡಿತಲೆ ಹೊರಬಲ್ಲ ‘ಅಬಾಬೀಲ್’ ಪರೀಕ್ಷಿಸಿತು. ಆ ದಿನದ ಪಾಕ್ ಸೇನೆಯ ಹೇಳಿಕೆ ತೆಗೆದು ನೋಡಿ: ಕಾರಣವಾಗಿ ಕೊಟ್ಟಿರುವುದು ಈ ಪ್ರದೇಶದಲ್ಲಿ ಬೆಳೆಯುತ್ತಿರುವ ಕ್ಷಿಪಣಿ ರಕ್ಷಣೆಯನ್ನೇ.