ಮಳೆ ಹಿಡಿಯುವ ಹೊತ್ತಿಗೆ ಅಂಗಾಲಿಗೆ ಎಳ್ಳೆಣ್ಣೆ

ಬಿಸಿಲು ಮುಗಿದು ಮಳೆ ಹಿಡಿಯುವಾಗ ನಿದ್ದೆ ಕೆಡುತ್ತದೆ, ಸುಮ್ನೆ ಕಿರಿಕಿರಿ ಆಗುತ್ತದೆ ಅಲ್ವಾ? ಆಯುರ್ವೇದ ಈ ಹೊತ್ತನ್ನು ಋತುಸಂಧಿ ಎನ್ನುತ್ತದೆ: ಹಳೆ ಋತುವಿನ ಕೊನೆಯ 7 ದಿನ, ಹೊಸದರ ಮೊದಲ 7 ದಿನ. ಈ ದಿನಗಳಲ್ಲಿ ಅಭ್ಯಾಸಗಳನ್ನು ಒಂದೇ ಸಲ ಬಿಡದೆ, ಸ್ವಲ್ಪ ಸ್ವಲ್ಪವೇ ಬದಲಿಸಿ ಎನ್ನುತ್ತದೆ ಅಷ್ಟಾಂಗ ಹೃದಯ ಎಂಬ ಹಳೇ ಆಯುರ್ವೇದ ಗ್ರಂಥ.

ಈ ಸಲ ಮಗಳು ಹಾಸ್ಟೆಲ್‌ಗೆ ಹೋದದ್ದೂ ಇದೇ ಹೊತ್ತಿಗೆ. ಮನೆಯೆಲ್ಲ ಭಣಭಣ. ನನಗೆ ಕೈಹಿಡಿದದ್ದು ಅಂಗಾಲಿನ ಎಣ್ಣೆ. ಎರಡು ಚಮಚ ಎಳ್ಳೆಣ್ಣೆ ಬಟ್ಟಲಿಗೆ ಹಾಕಿ, ಬಟ್ಟಲನ್ನು ಬಿಸಿನೀರಿನಲ್ಲಿಡಿ. ಒಲೆ ಬೇಡ. ಮಲಗುವ ಮುಂಚೆ ಒಂದೊಂದು ಕಾಲಿಗೆ 5 ನಿಮಿಷ ನಿಧಾನವಾಗಿ ತಿಕ್ಕಿ. ಹಿಮ್ಮಡಿ, ಬೆರಳ ಸಂದು ಬಿಡಬೇಡಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಆಮೇಲೆ ಹಳೇ ಕಾಲುಚೀಲ ಹಾಕಿಕೊಂಡು ನೇರ ಹಾಸಿಗೆಗೆ. ಎಣ್ಣೆಗಾಲಲ್ಲಿ ಓಡಾಡಿ ನಾನು ಒಮ್ಮೆ ಜಾರಿದ್ದೇನೆ!

ರಾತ್ರಿಗೆ ಹೆಸರುಬೇಳೆ ತೊವ್ವೆ, ಮೆಣಸಿನ ಸಾರು ಸಾಕು. ಮೊಸರು ಜಾಸ್ತಿ ಬೇಡ.

ಜ್ವರ, ಅಜೀರ್ಣ ಇದ್ದಾಗ ಎಣ್ಣೆ ಹಚ್ಚಬೇಡಿ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿಯುವವರು, ಗಾಯ ಇರುವವರು ಮೊದಲು ಡಾಕ್ಟರನ್ನು ಕೇಳಿ. ಮನಸ್ಸು ವಾರಗಟ್ಟಲೆ ಕುಗ್ಗಿಯೇ ಇದ್ದರೂ ಅಷ್ಟೇ, ಎಣ್ಣೆಯನ್ನೇ ನೆಚ್ಚಿಕೊಂಡು ಕೂರಬೇಡಿ.