ಸ್ಕೂಟರ್ ಡಿಕ್ಕಿಯಲ್ಲೊಂದು ಡಬ್ಬಿ

ನಮ್ಮ ಅಡಿಕೆ ತೋಟದಿಂದ ಆಸ್ಪತ್ರೆಗೆ 22 ಕಿಲೋಮೀಟರ್. ಹಾಗಾಗಿ ನನ್ನ ಸ್ಕೂಟರ್ ಡಿಕ್ಕಿಯಲ್ಲಿ ಸದಾ ಒಂದು ಡಬ್ಬಿ ಇರುತ್ತದೆ. ಒಳಗೆ ಗಾಜ್ ಬಟ್ಟೆ, ಬ್ಯಾಂಡೇಜ್ ಸುರುಳಿ, ಗ್ಲೌಸ್, ಕತ್ತರಿ, ಓಆರ್‌ಎಸ್, ಟಾರ್ಚ್. ಮಾತ್ರೆ ಇಡುವುದಿಲ್ಲ, ಡಿಕ್ಕಿಯ ಬಿಸಿಗೆ ಹಾಳಾಗುತ್ತವೆ.

ಹೋದ ವರ್ಷ ಕೊನೆಕೊಯ್ಲಲ್ಲಿ ತಮ್ಮನ ಅಂಗೈಗೆ ಕತ್ತಿ ತಾಗಿತು. ಒಬ್ಬರು ಅರಿಶಿನ ತಂದರು, ಇನ್ನೊಬ್ಬರು ಕಾಫಿಪುಡಿ. ಎರಡೂ ಬೇಡ. ಗಾಜ್ ಮಡಚಿ ಗಾಯದ ಮೇಲಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಹತ್ತು ನಿಮಿಷ, ಗಡಿಯಾರ ನೋಡಿಕೊಂಡು. ರಕ್ತ ನಿಂತಿತಾ ಅಂತ ಮಧ್ಯೆ ಮಧ್ಯೆ ಎತ್ತಿ ನೋಡುವ ಚಟ ಇದೆಯಲ್ವಾ, ಅದನ್ನು ಬಿಡಿ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು ಇಡಿ, ಕೆಳಗಿನದನ್ನು ಕೀಳಬೇಡಿ.

ಸುಟ್ಟರೆ 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಿರಿ. ಟೂತ್‌ಪೇಸ್ಟ್ ಬೇಡ.

ಹಾವು ಕಚ್ಚಿದರೆ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ನಡೆಸಬೇಡಿ. ಉಂಗುರ, ಬಳೆ ತೆಗೆದು ತಕ್ಷಣ 108ಕ್ಕೆ ಫೋನ್ ಮಾಡಿ.

ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತುವುದು, ಮಾತ್ರ ಸುಮ್ನೆ ಓದಿದರೆ ಬರುವುದಿಲ್ಲ. ರೆಡ್ ಕ್ರಾಸ್ ಅಥವಾ ಸೇಂಟ್ ಜಾನ್ ಆಂಬುಲೆನ್ಸ್‌ನವರ ತರಬೇತಿಯಲ್ಲಿ ಗೊಂಬೆಯ ಮೇಲೆ ಮಾಡಿ ಕಲಿಯಿರಿ. ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್ ಆಳ ಒತ್ತಬೇಕು. ತೋಟದಲ್ಲಿ ದುಡಿದ ಕೈ ನನ್ನದು, ಎರಡೇ ನಿಮಿಷಕ್ಕೆ ಸೋತಿತ್ತು.