450 ವರ್ಷ ಕಾದು ನೋಡಿದವರು ಯಾರು?

ಕಡಲ ತೀರದ ಸಂದರ್ಶಕರ ಕೇಂದ್ರದಲ್ಲಿ ಬಂದವರಿಗೆ ಸಮುದ್ರದ ಬಗ್ಗೆ ತಿಳಿಸಿಕೊಡುವುದು ನನ್ನ ಕೆಲಸ. ಶುರುವಿನಲ್ಲಿ ನಾನು ಹೇಳುತ್ತಿದ್ದದ್ದೆಲ್ಲ ಕೆಟ್ಟ ಸುದ್ದಿಯೇ. ಯಾವ ಕಸ ಕರಗಲು ಎಷ್ಟು ವರ್ಷ ಬೇಕು ಅಂತ ಗೋಡೆ ತುಂಬ ಒಂದು ಬೋರ್ಡ್ ಹಾಕಿದ್ದೆ. ಪ್ಲಾಸ್ಟಿಕ್ ಬಾಟಲಿಯ ಮುಂದೆ 450 ಎಂದಿತ್ತು. ಒಂದು ದಿನ ಶಾಲೆಯ ಗುಂಪಿನಲ್ಲಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು. "450 ವರ್ಷ ಕಾದು ನೋಡಿದವರು ಯಾರು?"

ನಾನು ತಬ್ಬಿಬ್ಬಾದೆ. ನೀರು, ತಂಪು ಪಾನೀಯ ತುಂಬುವ ಪಿಇಟಿ ಪ್ಲಾಸ್ಟಿಕ್ ಬಾಟಲಿಗೆ ಪೇಟೆಂಟ್ ಸಿಕ್ಕಿದ್ದೇ 1973ರಲ್ಲಿ. ಆ ಸಂಖ್ಯೆ ಅಂದಾಜಿನದು, ನಾನು ಮಾತ್ರ ಕಣ್ಣಾರೆ ಕಂಡವನ ಹಾಗೆ ಹೇಳುತ್ತಿದ್ದೆ. ಬಿಸಿಲಿಗೆ, ಅಲೆಯ ಹೊಡೆತಕ್ಕೆ ಪ್ಲಾಸ್ಟಿಕ್ ಚೂರು ಚೂರಾಗುತ್ತದೆ, ಆದರೆ ಮಾಯವಾಗುವುದಿಲ್ಲ. ಇಷ್ಟು ಹೇಳಿದ್ದರೆ ಸಾಕಿತ್ತು, ಅಲ್ವಾ? ಮರುದಿನ ಬೋರ್ಡ್ ಇಳಿಸಿದೆ.

ಆ ಜಾಗದಲ್ಲಿ ಒಂದು ಮೇಜು ಹಾಕಿ, ಅದರ ಮೇಲೆ ಗಾಜಿನ ಬಟ್ಟಲಲ್ಲಿ ಸಮುದ್ರದ ನೀರು, ನೀರಿನಲ್ಲಿ ಬಾರ್ನಕಲ್ ಅಂಟಿದ ಒಂದು ಕಲ್ಲು ಇಟ್ಟೆ. ಬಾರ್ನಕಲ್ ಅಂದರೆ ಬಂಡೆಗೆ, ದೋಣಿಯ ತಳಕ್ಕೆ ಅಂಟಿರುವ ಬಿಳಿ ಗುಬುಟು. ಕಾಲಿಗೆ ಚುಚ್ಚುತ್ತದೆ ಅಂತ ಬೈಸಿಕೊಳ್ಳುವುದು ಬಿಟ್ಟರೆ ಅದನ್ನು ಯಾರೂ ಕೇಳುವುದಿಲ್ಲ. "ಎರಡು ನಿಮಿಷ ಸುಮ್ನೆ ನೋಡಿ, ಬಟ್ಟಲು ಅಲ್ಲಾಡಿಸಬೇಡಿ" ಅಷ್ಟೇ ನನ್ನ ಭಾಷಣ. ಮೊದಲು ಏನೂ ಆಗುವುದಿಲ್ಲ. ಮಕ್ಕಳು ಗೊಣಗುತ್ತಾರೆ. ಆಮೇಲೆ ಗುಬುಟಿನ ತುದಿಯಲ್ಲಿ ಸಣ್ಣದೊಂದು ಬಾಗಿಲು ತೆರೆಯುತ್ತದೆ. ಒಳಗಿಂದ ಗರಿಯಂಥ ಕಾಲುಗಳು ಹೊರಬಂದು, ನೀರನ್ನು ಬಾಚಿ, ಪಟ್ಟನೆ ಒಳಗೆ ಹೋಗುತ್ತವೆ. ಮತ್ತೆ ಬರುತ್ತವೆ. "ಅಯ್ಯೋ, ಇದು ಜೀವ ಇರೋದು!" ಅನ್ನುವ ಕೂಗು ಪ್ರತಿ ಗುಂಪಿನಲ್ಲೂ ಏಳುತ್ತದೆ. ಇದು ಏಡಿ, ಸಿಗಡಿಯ ನೆಂಟ, ತಲೆ ಕೆಳಗಾಗಿ ಅಂಟಿಕೊಂಡು ಕಾಲಿನಿಂದ ಊಟ ಹಿಡಿಯುತ್ತದೆ ಅಂತ ಹೇಳುವುದು ಆಗ. ಡಾರ್ವಿನ್ ಇದರ ಹಿಂದೆ ಎಂಟು ವರ್ಷ ಕಳೆದರು ಎಂದರೆ ದೊಡ್ಡವರೂ ಬಗ್ಗಿ ನೋಡುತ್ತಾರೆ. ನೀರಲ್ಲಿ ತೇಲುವ ಕಣ್ಣಿಗೆ ಕಾಣದಂಥ ಆಹಾರವೇ ಅದರ ಹೊಟ್ಟೆಪಾಡು. ಹಾಗಾದರೆ ಪ್ಲಾಸ್ಟಿಕ್ ಪುಡಿಯೂ ಒಳಗೆ ಹೋಗುತ್ತದಾ? ಈ ಪ್ರಶ್ನೆಯನ್ನು ಈಗ ಅವರೇ ಕೇಳುತ್ತಾರೆ. ಹೌದು, ಹೋಗುತ್ತದೆ.

ಮುಟ್ಟಿ ನೋಡುವ ತೊಟ್ಟಿಯಲ್ಲಿ ನಾನು ಮಾಡಿದ ತಪ್ಪು ಮಾತ್ರ ಈಗಲೂ ಚುಚ್ಚುತ್ತದೆ. ಫೋಟೋಗೆ ಅಂತ ನಕ್ಷತ್ರ ಮೀನನ್ನು ನೀರಿನಿಂದ ಎತ್ತಿ ಕೈಯಿಂದ ಕೈಗೆ ಕೊಡುತ್ತಿದ್ದೆ. ಅದರ ಅಡಿಯಲ್ಲಿ ನೂರಾರು ಪುಟ್ಟ ಕೊಳವೆ ಕಾಲುಗಳಿವೆ, ನೀರಿನ ಒತ್ತಡದಿಂದಲೇ ಅವು ಆಡುವುದು. ಕಲ್ಲು ಹಿಡಿದು ಕೂತದ್ದನ್ನು ಎಳೆದರೆ ಕಾಲುಗಳೇ ಕಿತ್ತುಬರುತ್ತವೆ. ಒಂದು ರಜೆಯ ವಾರ ಜನ ಜಾಸ್ತಿ ಇದ್ದರು. ವಾರದ ಕೊನೆಗೆ ಅದು ಸತ್ತಿತ್ತು. ಸಂರಕ್ಷಣೆಯ ಪಾಠ ಹೇಳುತ್ತಾ ನಾನೇ ಕೊಂದ ಹಾಗಾಯಿತು. ಈಗ ನಿಯಮ ಬೇರೆ. ಸೋಪು, ಕ್ರೀಮು ಇರದ ಒದ್ದೆ ಕೈ, ಎರಡೇ ಬೆರಳು, ಪ್ರಾಣಿ ನೀರೊಳಗೇ ಇರಬೇಕು. ಫೋಟೋ ಸಿಗಲಿಲ್ಲ ಅಂತ ಕೆಲವರು ಮುಖ ಊದಿಸಿಕೊಳ್ಳುತ್ತಾರೆ. ಊದಿಸಿಕೊಳ್ಳಲಿ.

ಬಾಗಿಲ ಹತ್ತಿರ "ಚಿಪ್ಪು ಒಯ್ಯಬೇಡಿ" ಅಂತ ಒಂದು ಬೋರ್ಡ್ ಇತ್ತು. ಯಾರೂ ಓದುತ್ತಿರಲಿಲ್ಲ. ಅದನ್ನೂ ತೆಗೆದು, ಸನ್ಯಾಸಿ ಏಡಿಯ ತೊಟ್ಟಿ ಇಟ್ಟೆ. ಇದಕ್ಕೆ ಹಿಂಭಾಗ ಮೆತ್ತಗೆ, ಸ್ವಂತ ಚಿಪ್ಪಿಲ್ಲ. ಸತ್ತ ಶಂಖದ ಹುಳುವಿನ ಖಾಲಿ ಮನೆಯಲ್ಲೇ ಸಂಸಾರ, ಮೈ ಬೆಳೆದಂತೆ ದೊಡ್ಡ ಮನೆ ಹುಡುಕಬೇಕು. ತೊಟ್ಟಿಯಲ್ಲಿ ನಾಲ್ಕೈದು ಖಾಲಿ ಚಿಪ್ಪು ಇಟ್ಟರೆ ಅದು ಒಂದೊಂದನ್ನೂ ಕೊಂಡಿಯಿಂದ ತಡವಿ, ಉರುಳಿಸಿ, ಬಾಯಿಯ ಅಳತೆ ನೋಡುತ್ತದೆ. ಬಾಡಿಗೆ ಮನೆ ಹುಡುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊನ್ನೆ ಸಂಜೆ ಬಾಗಿಲು ಹಾಕುವ ಹೊತ್ತಿಗೆ ಒಬ್ಬ ಹುಡುಗ ಅಪ್ಪನನ್ನು ಎಳೆದುಕೊಂಡು ವಾಪಸ್ ಬಂದ. ಜೇಬಿನಿಂದ ಮೂರು ಚಿಪ್ಪು ತೆಗೆದು ಮೇಜಿನ ಮೇಲೆ ಇಟ್ಟ. "ಎರಡು ಖಾಲಿ ಸರ್. ಇದರಲ್ಲಿ ಯಾರೋ ಇದ್ದಾರೆ." ಇಣುಕಿ ನೋಡಿದೆ. ಒಳಗೆ ಸಣ್ಣದೊಂದು ಕೊಂಡಿ ಬಾಗಿಲಿನ ಹಾಗೆ ಅಡ್ಡ ನಿಂತಿತ್ತು. ಮೂರನ್ನೂ ಹೆಕ್ಕಿದ ಬಂಡೆಯ ಹತ್ತಿರವೇ ಬಿಡೋಣ ಎಂದು ಟಾರ್ಚ್ ಹಿಡಿದು ಹೊರಟೆವು.